ಕಡ ಹೋದ ಚಿತ್ರಗಳು

ನನ್ನ ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇದೆ. 2022ರ ಫೆಬ್ರವರಿಯದ್ದು. ಆಮ್‌ಸ್ಟರ್‌ಡ್ಯಾಮ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿ ರಷ್ಯನ್ ಅವಾಂಗಾರ್ಡ್ ಕಲಾವಿದರ, ಅಂದರೆ ಹಳೇ ರೀತಿ ಮುರಿದು ಹೊಸ ಥರ ಚಿತ್ರ ಬರೆದವರ, ಪ್ರದರ್ಶನ ಶುರುವಾಗಿದೆ, ಮಾಲೆವಿಚ್ ಇದ್ದಾನೆ, ಕಾಂಡಿನ್ಸ್ಕಿ ಇದ್ದಾನೆ, ಬನ್ನಿ ಅನ್ನುವ ಪ್ರಕಟಣೆ. ಅದನ್ನು ಗೆಳತಿಗೆ ಕಳಿಸಿ 'ಈ ಶನಿವಾರ ಹೋಗೋಣ್ವಾ?' ಅಂತ ಕೇಳಿದ್ದೆ. 'ಮುಂದಿನ ಜನವರಿವರೆಗೂ ಇರುತ್ತಂತೆ ಮಾರಾಯ್ತಿ, ಚಳಿ ಸ್ವಲ್ಪ ಇಳೀಲಿ' ಅಂದಳು. ನನಗೂ ಅಷ್ಟೇ ಬೇಕಿತ್ತು. ಕೊರೊನಾ ಲಾಕ್‌ಡೌನ್ ಮುಗಿದು ಮ್ಯೂಸಿಯಂಗಳು ಆಗಷ್ಟೇ ಬಾಗಿಲು ತೆರೆದಿದ್ದವು. ಹೊರಗೆ ಇಲ್ಲಿನ ಅಡ್ಡಮಳೆ. ಮನೆಯಲ್ಲಿ ಸೋಫಾ ಬೆಚ್ಚಗಿತ್ತು.

ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಮಾರ್ಚ್ 3ಕ್ಕೆ ಮ್ಯೂಸಿಯಂನವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಮೂಲ ಹರ್ಮಿಟೇಜ್ ಮ್ಯೂಸಿಯಂ ಜತೆ ಇದ್ದ ನಂಟು ಕಡಿದುಕೊಂಡರು. ಪ್ರದರ್ಶನ ಮುಚ್ಚಿದರು. ಜನವರಿ 29ಕ್ಕೆ ತೆರೆದದ್ದು ಐದು ವಾರವೂ ತುಂಬಲಿಲ್ಲ.

ಹಾಗಾಗಿ ಇದು ನಾನು ನೋಡದ ಪ್ರದರ್ಶನದ ಬಗ್ಗೆ ಬರೆಯುತ್ತಿರುವುದು. ಉಣ್ಣದ ಊಟದ ರುಚಿ ಹೇಳಿದ ಹಾಗೆ, ಗೊತ್ತು. ಆದರೆ ನೋಡಿದ್ದರೆ ಎರಡು ಫೋಟೊ ಹಾಕಿ ಮರೆತುಬಿಡುತ್ತಿದ್ದೆನೇನೋ. ನೋಡದೇ ಹೋದದ್ದಕ್ಕೆ ಇಷ್ಟು ವರ್ಷ ತಲೆ ಕೊರೆಯುತ್ತಿದೆ.

ಆ ಕಟ್ಟಡದ ಬಗ್ಗೆ ಮೊದಲು ಹೇಳಬೇಕು. ವಾಟರ್ಲೋಪ್ಲೇನ್ ಮೆಟ್ರೊದಲ್ಲಿ ಇಳಿದು ಆಮ್‌ಸ್ಟೆಲ್ ಹೊಳೆ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಕಾಣುತ್ತೆ. ಉದ್ದಕ್ಕೆ ಚಾಚಿಕೊಂಡ, ಸಾಲು ಸಾಲು ಕಿಟಕಿಯ, ಹೆಚ್ಚು ಅಲಂಕಾರವಿಲ್ಲದ ಇಟ್ಟಿಗೆ ಕಟ್ಟಡ. ಹೆಸರು ಆಮ್‌ಸ್ಟೆಲ್‌ಹೋಫ್. 1680ರ ದಶಕದಲ್ಲಿ ಚರ್ಚಿನವರು ದಿಕ್ಕಿಲ್ಲದ ಮುದುಕಿಯರಿಗೆ ಅಂತ ಕಟ್ಟಿಸಿದ್ದು. 2007ರವರೆಗೂ ಅದು ವೃದ್ಧಾಶ್ರಮವೇ. 2009ರಲ್ಲಿ ಹರ್ಮಿಟೇಜಿನ ಆಮ್‌ಸ್ಟರ್‌ಡ್ಯಾಮ್ ಶಾಖೆಯಾಗಿ ಬಾಗಿಲು ತೆರೆಯಿತು. ಇಲ್ಲಿನ ರಾಣಿ ಬೇಯಾಟ್ರಿಕ್ಸ್, ರಷ್ಯಾದ ಅಧ್ಯಕ್ಷ ಮೆಡ್ವೆಡೆವ್ ಇಬ್ಬರೂ ಬಂದಿದ್ದರು. ಕಟ್ಟಡ ಡಚ್ಚರದು, ಚಿತ್ರ ರಷ್ಯಾದ್ದು. ತನ್ನದು ಅಂತ ಸಂಗ್ರಹವೇ ಇಲ್ಲದ, ಕಡ ತಂದು ತೋರಿಸುವ ಮ್ಯೂಸಿಯಂ.

ಒಳಗೆ ವೃದ್ಧಾಶ್ರಮದ ಹಳೇ ಅಡುಗೆಮನೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ನೂರಾರು ಜನಕ್ಕೆ ಬೇಯಿಸುತ್ತಿದ್ದ ಭಾರೀ ಹಂಡೆಗಳು. ಮೊದಲ ಸಲ ಹೋದಾಗ ನಾನು ಚಿತ್ರಗಳಿಗಿಂತ ಜಾಸ್ತಿ ಹೊತ್ತು ನಿಂತದ್ದು ಅವುಗಳ ಮುಂದೆಯೇ. ನಮ್ಮ ಕಡೆಯ ಮದುವೆಮನೆ ಕೊಪ್ಪರಿಗೆ ನೆನಪಾಗಿ, ಯಾರ ಹೆಸರು ಹೊಡೆಸಿದ್ದಾರೆ ಅಂತ ಕಂಠದ ಸುತ್ತ ಹುಡುಕಿದೆ. ಹೆಸರಿರಲಿಲ್ಲ. ಮನೆ ಬಿಟ್ಟು ಹೊರಗೆ ಹೋಗದ ಪಾತ್ರೆಗೆ ಹೆಸರು ಯಾಕೆ ಬೇಕು, ಅಲ್ವಾ?

2017ರ ಕೊನೆಯಲ್ಲಿ ಅಲ್ಲಿ ಇದ್ದದ್ದು ರಷ್ಯನ್ನರ ಚಿತ್ರಗಳಲ್ಲ, ರಷ್ಯಾದಿಂದ ಬಂದ ಡಚ್ ಚಿತ್ರಗಳು. ಅದನ್ನು ನಾನು ನೋಡಿದೆ. ರೆಂಬ್ರಾಂಟ್ 1634ರಲ್ಲಿ ಬರೆದ 'ಫ್ಲೋರಾ' ಬಂದಿದ್ದಳು. ತಲೆ ತುಂಬ ಹೂ, ಕೈಯಲ್ಲಿ ಹೂ ಸುತ್ತಿದ ಕೋಲು. ಅವನ ಹೆಂಡತಿ ಸಸ್ಕಿಯಾಳನ್ನೇ ನೋಡಿ ಬರೆದದ್ದು ಅಂತಾರೆ. 18ನೇ ಶತಮಾನದಲ್ಲಿ ಕ್ಯಾಥರೀನ್ ಮಹಾರಾಣಿ ಕಾಲಕ್ಕೆ ರಷ್ಯಾ ಸೇರಿದವಳು. ಈಗ ತವರಿಗೆ ಬಂದ ಹಾಗೆ ಬಂದು, ರೆಂಬ್ರಾಂಟ್ ಬದುಕಿದ್ದ ಬೀದಿಯಿಂದ ಕೂಗಳತೆಯಲ್ಲಿ ಕೆಲವು ತಿಂಗಳು ಇದ್ದು, ಬೇಸಿಗೆ ಬರುವಷ್ಟರಲ್ಲಿ ಹೊರಟಳು. ಪೇಟೆ ಜನ ಕ್ಯೂ ನಿಂತು ನೋಡಿದರು. ಯಾರೂ 'ಇಲ್ಲೇ ಇರು' ಅನ್ನಲಿಲ್ಲ. ಕೊಟ್ಟ ಮನೆ ಕೊಟ್ಟ ಮನೆಯೇ.

ಆ ಮಹಾರಾಣಿ ಕೊಂಡದ್ದೆಲ್ಲ ಅಲ್ಲಿಗೆ ತಲುಪಲಿಲ್ಲ ಅನ್ನುವುದು ಇನ್ನೊಂದು ಕಥೆ. 1771ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬ್ರಾಮ್‌ಕ್ಯಾಂಪ್ ಅನ್ನುವ ವ್ಯಾಪಾರಿಯ ಸಂಗ್ರಹ ಹರಾಜಾಯಿತು. ಅಲ್ಲಿ ಕೊಂಡ ಚಿತ್ರಗಳನ್ನು 'ಫ್ರೌ ಮರಿಯಾ' ಅನ್ನುವ ಹಡಗಿಗೆ ಹಾಕಿ ಕಳಿಸಿದರು. ಅಕ್ಟೋಬರಿನಲ್ಲಿ ಅದು ಫಿನ್‌ಲ್ಯಾಂಡಿನ ಹತ್ತಿರ ಬಂಡೆಗೆ ಬಡಿದು ಮುಳುಗಿತು. ಹಡಗಿನ ಅವಶೇಷ ಸಿಕ್ಕಿದ್ದು 1999ರಲ್ಲಿ. ಚಿತ್ರಗಳು ಇನ್ನೂ ಮೇಲೆ ಬಂದಿಲ್ಲ.

ಈ ಕಡದ ವ್ಯವಹಾರ ನನಗೆ ಅರ್ಥವಾಗೋದು ಅಜ್ಜಿ ಮನೆ ಲೆಕ್ಕದಲ್ಲೇ. ಅಜ್ಜಿ ಮನೆ ತಿಪಟೂರು ಕಡೆ. ಊರಲ್ಲಿ ಮದುವೆ, ಮುಂಜಿ, ತಿಥಿ ಏನೇ ಇದ್ದರೂ ಅರ್ಧ ಊರಿನ ಪಾತ್ರೆ ಇನ್ನರ್ಧ ಊರಿಗೆ ಹೋಗುತ್ತಿತ್ತು. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಜಾಲರಿ, ಅನ್ನದ ಕೈ. ಪ್ರತಿಯೊಂದರ ಕಂಠದ ಮೇಲೂ ಉಳಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರು. ಅಜ್ಜಿ ಹತ್ತಿರ ಹಳೇ ಕ್ಯಾಲೆಂಡರ್ ಹಾಳೆ ಹೊಲಿದು ಮಾಡಿದ ಒಂದು ಪುಸ್ತಕ ಇತ್ತು. ಯಾರಿಗೆ, ಏನು, ಎಷ್ಟು. ಪಾತ್ರೆ ವಾಪಸ್ ಬಂದಾಗ ಜಗುಲಿ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ, ಬೆಳಕಿಗೆ ಹಿಡಿದು ನೋಡೋರು. ಎಲ್ಲಿ ಸೊಟ್ಟಗಾಗಿದೆ, ಎಲ್ಲಿ ಕಲಾಯಿ ಹೋಗಿದೆ. ತಂದವರು ಎದುರಿಗೆ ಕೈಕಟ್ಟಿ ನಿಂತಿರಬೇಕು.

ಮ್ಯೂಸಿಯಂಗಳು ಮಾಡೋದೂ ಇದನ್ನೇ. ಕಂಡೀಷನ್ ರಿಪೋರ್ಟ್ ಅಂತಾರೆ. ಚಿತ್ರದ ಜತೆಗೆ ಕೊಟ್ಟ ಮ್ಯೂಸಿಯಂನವರೊಬ್ಬರು ಬರುತ್ತಾರೆ. ಪೆಟ್ಟಿಗೆ ಬಂದ ಕೂಡಲೇ ಬಿಚ್ಚುವ ಹಾಗಿಲ್ಲ, ಒಳಗಿನ ಹವೆ ಹೊರಗಿನದಕ್ಕೆ ಹೊಂದಿಕೊಳ್ಳಲಿ ಅಂತ ಒಂದು ದಿನ ಸುಮ್ನೆ ಇಡುತ್ತಾರೆ. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಬಿರುಕು, ಗೀರು, ಎದ್ದ ಬಣ್ಣ ಎಲ್ಲ ಬರೆದುಕೊಳ್ಳುತ್ತಾರೆ. ಹೋಗುವಾಗ ಇನ್ನೊಂದು ಸಲ. ಚೌಕಟ್ಟಿನ ಹಿಂದೆ ಹೋದ ಹೋದ ಪ್ರದರ್ಶನಗಳ ಚೀಟಿ ಅಂಟಿರುತ್ತೆ. ಮುಂಭಾಗ ನಮಗೆ ತೋರಿಸೋಕೆ, ಹಿಂಭಾಗ ಅವರ ಲೆಕ್ಕಕ್ಕೆ.

ಕೊಡುವಾಗ ಎಲ್ಲ ನಗುನಗುತ್ತಾ ಇರುತ್ತೆ. ಜಗಳ ಬರೋದು ವಾಪಸಾತಿಯಲ್ಲಿ.

2005ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆದದ್ದು ಕೇಳಿದರೆ ನಮ್ಮ ಕಡೆ ಅಮೀನ ಬಂದು ಪಾತ್ರೆಪಡಗ ಜಪ್ತಿ ಮಾಡೋದು ನೆನಪಾಗುತ್ತೆ. ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನ ಐವತ್ತಕ್ಕೂ ಜಾಸ್ತಿ ಫ್ರೆಂಚ್ ಚಿತ್ರಗಳು ಪ್ರದರ್ಶನ ಮುಗಿಸಿ ಲಾರಿ ಹತ್ತಿ ಹೊರಟಿದ್ದವು. ರಷ್ಯಾ ಸರ್ಕಾರ ನಮಗೆ ಸಾಲ ಬಾಕಿ ಇದೆ ಅಂತ ಒಂದು ಸ್ವಿಸ್ ಕಂಪನಿ ಅವನ್ನು ಜಪ್ತಿ ಮಾಡಿಸಿತು. ಕೊನೆಗೆ ಸ್ವಿಸ್ ಸರ್ಕಾರವೇ ನಡುವೆ ಬಂದು ಬಿಡಿಸಿತು. ಆ ಭಯ ರಷ್ಯಾಕ್ಕೆ ಹೋಗಲಿಲ್ಲ. 2008ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ದೊಡ್ಡ ಪ್ರದರ್ಶನ ಆಗಬೇಕಿತ್ತು. ಜಪ್ತಿ ಆಗಲ್ಲ ಅಂತ ಕಾನೂನಿನಲ್ಲೇ ಬರೆದುಕೊಡಿ, ಇಲ್ಲದಿದ್ದರೆ ಚಿತ್ರ ಇಲ್ಲ ಅಂದರು. ಬ್ರಿಟನ್ ಆ ಕಾನೂನನ್ನು ತರಾತುರಿಯಲ್ಲಿ ಜಾರಿಗೆ ತಂದ ಮೇಲೆ ಚಿತ್ರಗಳು ಬಂದವು.

2022ರ ವಸಂತದಲ್ಲಿ ರಷ್ಯಾದ ಮ್ಯೂಸಿಯಂಗಳ ಚಿತ್ರಗಳು ಯುರೋಪಿನ ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಪ್ಯಾರಿಸ್ಸಿನಲ್ಲಿ ಹಿಂದಿನ ಕಾಲದ ಮಾಸ್ಕೋ ಶ್ರೀಮಂತರಾದ ಮೊರೊಜೊವ್ ಸಹೋದರರ ಸಂಗ್ರಹ, 200ರಷ್ಟು ಕೃತಿಗಳು. ಮುಗಿದದ್ದು ಏಪ್ರಿಲ್ 3ಕ್ಕೆ. ಎಲ್ಲವೂ ವಾಪಸ್ ಹೋಗಲಿಲ್ಲ. ಯುರೋಪಿನ ನಿರ್ಬಂಧದ ಪಟ್ಟಿಯಲ್ಲಿದ್ದ ರಷ್ಯನ್ ಶ್ರೀಮಂತನೊಬ್ಬನ ಚಿತ್ರ ಅಲ್ಲೇ ತಡೆಯಲಾಯಿತು. ಸೆರೊವ್ ಬರೆದ ಮಾರ್ಗರೀಟಾ ಮೊರೊಜೊವಾಳ ಚಿತ್ರ ಉಕ್ರೇನಿನ ದ್ನಿಪ್ರೊ ಊರಿನ ಮ್ಯೂಸಿಯಂನದು. ಅದನ್ನು ಬಾಂಬ್ ಬೀಳುವ ಊರಿಗೆ ಹೇಗೆ ಕಳಿಸೋದು? ಅದೂ ಉಳಿಯಿತು. ಅದೇ ಏಪ್ರಿಲ್ ಮೊದಲ ವಾರ ಇಟಲಿ, ಜಪಾನ್ ಪ್ರದರ್ಶನಗಳಿಂದ ವಾಪಸ್ ಹೋಗುತ್ತಿದ್ದ ಕೃತಿಗಳನ್ನು ಫಿನ್‌ಲ್ಯಾಂಡಿನ ಕಸ್ಟಮ್ಸ್‌ನವರು ವಾಲಿಮಾ ಗಡಿಯಲ್ಲಿ ಹಿಡಿದರು. ಸುಮಾರು 4 ಕೋಟಿ 20 ಲಕ್ಷ ಯೂರೊ ಬೆಲೆಯವು. ಐಷಾರಾಮಿ ವಸ್ತು ರಷ್ಯಾಕ್ಕೆ ಹೋಗುವ ಹಾಗಿಲ್ಲ ಅನ್ನುವ ನಿಯಮದಲ್ಲಿ ಚಿತ್ರಗಳೂ ಸೇರಿದ್ದವು. ಕಡ ತಂದ ಕಲಾಕೃತಿಗೆ ಯುರೋಪಿಯನ್ ಒಕ್ಕೂಟ ವಿನಾಯಿತಿ ಕೊಟ್ಟ ಮೇಲೆ ಬಿಟ್ಟರು. ಫ್ರೌ ಮರಿಯಾ ಮುಳುಗಿದ್ದು ಇದೇ ದೇಶದ ಕಡಲಲ್ಲಿ. ಚಿತ್ರಗಳಿಗೂ ಫಿನ್‌ಲ್ಯಾಂಡಿಗೂ ಏನೋ ಆಗಿಬರಲ್ಲ.

ಆಗ ನಾನು ಮ್ಯೂಸಿಯಂನವರ ಮೇಲೆ ಸಿಟ್ಟಾಗಿದ್ದೆ ಅನ್ನೋದನ್ನು ಒಪ್ಪಿಕೊಳ್ಳಬೇಕು. ನೂರು ವರ್ಷದ ಹಿಂದೆ ಬರೆದ ಚಿತ್ರ ಏನು ಪಾಪ ಮಾಡಿತ್ತು? ಅದನ್ನು ಬರೆದವರಲ್ಲಿ ಎಷ್ಟೋ ಜನರನ್ನು ಆ ಕಾಲದ ಮಾಸ್ಕೋ ಸರ್ಕಾರವೇ ತುಳಿದು ಹಾಕಿತ್ತು. ಆಮೇಲೆ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಹರ್ಮಿಟೇಜಿನ ನಿರ್ದೇಶಕ ಮಿಖಾಯಿಲ್ ಪಿಯೊಟ್ರೊವ್ಸ್ಕಿ ರಷ್ಯನ್ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದ ಸುದ್ದಿ ಓದಿದೆ. ವಿದೇಶದಲ್ಲಿ ನಾವು ಈಚೆಗೆ ಮಾಡಿದ ಪ್ರದರ್ಶನಗಳು ಒಂದು ಬಲವಾದ ಸಾಂಸ್ಕೃತಿಕ ದಾಳಿ, ಬೇಕಿದ್ದರೆ ಒಂದು ಥರದ 'ವಿಶೇಷ ಕಾರ್ಯಾಚರಣೆ' ಅನ್ನಿ ಅಂದಿದ್ದರು. ಯುದ್ಧಕ್ಕೆ ಅವರ ಸರ್ಕಾರ ಇಟ್ಟ ಹೆಸರೇ ಅದು. ಓದಿ ಫೋನ್ ಕೆಳಗಿಟ್ಟೆ. ಹಾಗಾದರೆ ಫ್ಲೋರಾ ಮುಂದೆ ಕ್ಯೂ ನಿಂತಿದ್ದ ನಾನು ಯಾವ ಕಾರ್ಯಾಚರಣೆಯಲ್ಲಿದ್ದೆ? ಮನೆಗೆ ಕೊಳಗ ಕೊಟ್ಟವರು ಆಮೇಲೆ ಬಂದು 'ಅದು ನಿಮ್ಮನೆ ಒಳಗೆ ಕಾಲಿಡೋಕೆ ಕೊಟ್ಟಿದ್ದು' ಅಂದ ಹಾಗಾಯಿತು. ಮ್ಯೂಸಿಯಂ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಆದರೆ ಮಾಲೆವಿಚ್ ತಲೆಯಿಂದ ಇಳಿಯಲಿಲ್ಲ. ಅವನ ಚಿತ್ರಗಳನ್ನು ನೋಡೋಕೆ ರಷ್ಯಾದ ಕಡೆ ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಅದೇ ಊರಿನ ಸ್ಟೇಡೆಲಿಕ್ ಮ್ಯೂಸಿಯಂನಲ್ಲಿ ರಾಶಿ ಇವೆ. ರಷ್ಯಾ ಬಿಟ್ಟರೆ ಅಷ್ಟು ದೊಡ್ಡ ಸಂಗ್ರಹ ಬೇರೆಲ್ಲೂ ಇಲ್ಲ. ಅವು ಇಲ್ಲಿಗೆ ಹೇಗೆ ಬಂದವು ಅಂತ ಓದುತ್ತಾ ಹೋದರೆ, ಅದೂ ವಿದೇಶಕ್ಕೆ ಹೋಗಿ ವಾಪಸಾಗದ ಒಂದು ಪ್ರದರ್ಶನದ ಕಥೆ.

1927. ಮಾಲೆವಿಚ್‌ಗೆ 48 ವರ್ಷ. 'ಕಪ್ಪು ಚೌಕ' ತೋರಿಸಿ ಹನ್ನೆರಡು ವರ್ಷ ಆಗಿತ್ತು. ರಷ್ಯನ್ನರ ಮನೆಯಲ್ಲಿ ದೇವರ ಪಟ ಇಡೋದು ಕೋಣೆಯ ಮೂಲೆಯಲ್ಲಿ, ಮೇಲೆ. ಇವನು 1915ರ ಪ್ರದರ್ಶನದಲ್ಲಿ ಆ ಜಾಗಕ್ಕೆ ಬಿಳಿ ಹಿನ್ನೆಲೆಯ ಮೇಲೆ ಒಂದು ಕರೀ ಚೌಕ ಬರೆದು ನೇತು ಹಾಕಿದ್ದ. ನಮ್ಮಲ್ಲಿ ದೇವರ ಗೂಡಿನಲ್ಲಿ ಸ್ಲೇಟು ಇಟ್ಟ ಹಾಗೆ. ಕ್ರಾಂತಿ ಆದ ಹೊಸದರಲ್ಲಿ ಇಂಥವರಿಗೆ ಒಳ್ಳೆ ಕಾಲವಿತ್ತು. 1927ರ ಹೊತ್ತಿಗೆ ಗಾಳಿ ಬದಲಾಗಿತ್ತು. ಆ ಮಾರ್ಚ್‌ನಲ್ಲಿ ಸುಮಾರು 70 ಚಿತ್ರ ಕಟ್ಟಿಕೊಂಡು ಮೊದಲು ವಾರ್ಸಾಗೆ, ಅಲ್ಲಿಂದ ಬರ್ಲಿನ್‌ಗೆ ಹೋದ. ಮೇ ತಿಂಗಳಲ್ಲಿ ಬರ್ಲಿನ್ನಿನ ದೊಡ್ಡ ವಾರ್ಷಿಕ ಪ್ರದರ್ಶನದಲ್ಲಿ ಅವನಿಗೇ ಅಂತ ಒಂದು ಭಾಗ ಕೊಟ್ಟರು. ಸೆಪ್ಟೆಂಬರ್‌ವರೆಗೆ ಇರಬೇಕಿತ್ತು. ಜೂನ್‌ನಲ್ಲೇ ವಾಪಸ್ ಬಾ ಅಂತ ಊರಿನಿಂದ ಕರೆ ಬಂತು.

ಅವನು ಹೋದ. ಚಿತ್ರ ಬಿಟ್ಟು ಹೋದ. ಒಬ್ಬ ಸ್ನೇಹಿತರ ಮನೆಯಲ್ಲಿ ಬರಹಗಳ ಕಟ್ಟು ಇಟ್ಟು, ಮೇಲೊಂದು ಚೀಟಿ ಬರೆದಿದ್ದ. ನಾನು ಸತ್ತರೆ, ಇಲ್ಲವೇ ತಪ್ಪಿಲ್ಲದೆ ಜೈಲು ಸೇರಿದರೆ ಇವನ್ನು ಏನು ಮಾಡಬೇಕು ಅಂತ. 48 ವರ್ಷದ ಮನುಷ್ಯ, ಪ್ರದರ್ಶನ ಚೆನ್ನಾಗಿ ನಡೆಯುತ್ತಿದೆ, ಊರಿಗೆ ಹೊರಟಿದ್ದಾನೆ, ಬರೆದದ್ದು ಇದು. ಅವನ ಊಹೆ ತಪ್ಪಾಗಲಿಲ್ಲ. ಮತ್ತೆ ಅವನನ್ನು ದೇಶದ ಹೊರಗೆ ಬಿಡಲಿಲ್ಲ. 1930ರಲ್ಲಿ ಹಿಡಿದು ಕೆಲವು ತಿಂಗಳು ಒಳಗೆ ಹಾಕಿದರು. 1935ರಲ್ಲಿ ತೀರಿಕೊಂಡ.

ಚಿತ್ರಗಳು ಹ್ಯೂಗೊ ಹೇರಿಂಗ್ ಅನ್ನುವ ವಾಸ್ತುಶಿಲ್ಪಿಯ ಸುಪರ್ದಿನಲ್ಲಿದ್ದವು. ಅಲ್ಲಿಂದ ಹ್ಯಾನೋವರ್ ಮ್ಯೂಸಿಯಂಗೆ ಹೋದವು. ಅಷ್ಟರಲ್ಲಿ ಹಿಟ್ಲರ್ ಬಂದ. ಇಂಥ ಚಿತ್ರ ಇಟ್ಟುಕೊಳ್ಳೋದೇ ಅಪಾಯ. ಮ್ಯೂಸಿಯಂನ ನಿರ್ದೇಶಕ ಡೋರ್ನರ್ ಅವನ್ನು ಉಗ್ರಾಣದಲ್ಲಿ ಬಚ್ಚಿಟ್ಟ. 1935ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನ ನಿರ್ದೇಶಕ ಆಲ್ಫ್ರೆಡ್ ಬಾರ್ ಬಂದು ಕೆಲವನ್ನು ಪಡೆದುಕೊಂಡ. ಎರಡು ಚಿತ್ರವನ್ನು ಛತ್ರಿಯೊಳಗೆ ಸುತ್ತಿಟ್ಟುಕೊಂಡು ಜರ್ಮನಿಯ ಗಡಿ ದಾಟಿದನಂತೆ. ಛತ್ರಿಯನ್ನು ಟ್ರೈನಿನಲ್ಲಿ ಮರೆತು ಇಳಿಯುವ ನನ್ನಂಥವರ ಕೈಗೆ ಸಿಗಲಿಲ್ಲ, ಪುಣ್ಯ. ಉಳಿದವು ಮತ್ತೆ ಹೇರಿಂಗ್ ಹತ್ತಿರ ಬಂದವು. ಯುದ್ಧದ ನಡುವೆ ಅವನು ಬರ್ಲಿನ್ ಬಿಟ್ಟು ತಾನು ಹುಟ್ಟಿದ ಬೀಬರಾಖ್‌ಗೆ ಹೋಗುವಾಗ ಜತೆಗೇ ಒಯ್ದ. 1958ರಲ್ಲಿ ಸ್ಟೇಡೆಲಿಕ್‌ನ ನಿರ್ದೇಶಕ ಸ್ಯಾಂಡ್‌ಬರ್ಗ್ ಅವನಿಂದ ಕೊಂಡುಕೊಂಡ.

ಇಲ್ಲೇ ಅಜ್ಜಿಯ ಪುಸ್ತಕ ಬೇಕಾಗಿದ್ದದ್ದು. ಇಟ್ಟುಕೋ ಅಂತ ಕೊಟ್ಟದ್ದನ್ನು ಹೇರಿಂಗ್ ಮಾರಬಹುದಾ? ಜೋಪಾನ ಮಾಡಿದವನು ಅವನೇ, ನಿಜ. ಅವನಿಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲವೇನೋ. ಆದರೂ ಪಾತ್ರೆ ಅವನದಲ್ಲ. 2003ರಲ್ಲಿ ಸ್ಟೇಡೆಲಿಕ್ 14 ಕೃತಿಗಳನ್ನು ಅಮೆರಿಕದ ಪ್ರದರ್ಶನಕ್ಕೆ ಕಡ ಕೊಟ್ಟಿತು. ನ್ಯೂಯಾರ್ಕ್ ಮುಗಿಸಿ ಹ್ಯೂಸ್ಟನ್‌ನಲ್ಲಿದ್ದವು. ಮುಗಿಯಲು ಎರಡು ದಿನ ಇದ್ದಾಗ, 2004ರ ಜನವರಿಯಲ್ಲಿ, ಮಾಲೆವಿಚ್‌ನ ವಾರಸುದಾರರು ಅಮೆರಿಕದ ಕೋರ್ಟಿನಲ್ಲಿ ಕೇಸು ಹಾಕಿದರು. ಜಪ್ತಿ ಆಗಲ್ಲ ಅಂತ ಅಮೆರಿಕ ಸರ್ಕಾರ ಮೊದಲೇ ಬರೆದುಕೊಟ್ಟಿತ್ತು. ಹಾಗಾಗಿ ಚಿತ್ರ ವಾಪಸ್ ಬಂದವು. ಆದರೆ ಜಪ್ತಿ ಬೇರೆ, ದಾವೆ ಬೇರೆ ಅಂದಿತು ಕೋರ್ಟು. ಕೇಸು ನಡೆಯಿತು. 2008ರಲ್ಲಿ ರಾಜಿಯಾಗಿ ಸ್ಟೇಡೆಲಿಕ್ ಐದು ಚಿತ್ರ ಬಿಟ್ಟುಕೊಟ್ಟಿತು. ಅದರಲ್ಲೊಂದು ಅದೇ ವರ್ಷ ಹರಾಜಿನಲ್ಲಿ 6 ಕೋಟಿ ಡಾಲರಿಗೆ ಹೋಯಿತು. ಹತ್ತು ವರ್ಷದ ಮೇಲೆ ಅದೇ ಚಿತ್ರ 8 ಕೋಟಿ 58 ಲಕ್ಷ ಡಾಲರಿಗೆ. ಮಾಲೆವಿಚ್ ಜೂನ್‌ನಲ್ಲಿ ಬಿಟ್ಟುಹೋದ ಮೂಟೆಯಲ್ಲಿದ್ದ ಒಂದು ಚಿತ್ರ ಅದು.

ಸ್ಟೇಡೆಲಿಕ್‌ಗೆ ಹೋದಾಗಲೆಲ್ಲ ನಾನು ಹುಡುಕಿಕೊಂಡು ಹೋಗೋದು 1914ರ 'ಮಾಸ್ಕೋದಲ್ಲಿ ಒಬ್ಬ ಇಂಗ್ಲಿಷಿನವ'. ಚಿಕ್ಕ ಚಿತ್ರ, ಒಂದು ಮೀಟರ್ ಎತ್ತರವೂ ಇಲ್ಲ. ಎತ್ತರದ ಟೋಪಿ ಹಾಕಿದ ಒಬ್ಬ ಮನುಷ್ಯ. ಅವನ ಅರ್ಧ ಮುಖಕ್ಕೆ ಅಡ್ಡವಾಗಿ ಒಂದು ದೊಡ್ಡ ಬಿಳಿ ಮೀನು. ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ, ಒಂದು ಏಣಿ, ಕತ್ತಿ, ಪುಟ್ಟದೊಂದು ಚರ್ಚು, ಕೆಂಪು ಮರದ ಸೌಟು. ಯಾವುದಕ್ಕೂ ಯಾವುದೂ ಸಂಬಂಧವಿಲ್ಲ. ಸಂತೆಯಲ್ಲಿ ಗುಡ್ಡೆ ಹಾಕಿದ ಹಾಗೆ. ನಡುನಡುವೆ ರಷ್ಯನ್ ಅಕ್ಷರಗಳು, ತುಂಡು ತುಂಡಾಗಿ. ಅವನ್ನು ಕೂಡಿಸಿ ಓದಿದರೆ ಬರುವ ಮಾತುಗಳಲ್ಲಿ ಒಂದು, 'ಖಂಡಗ್ರಾಸ ಗ್ರಹಣ'. ಮೀನು ಮುಖ ನುಂಗಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೇನೆ. ನಮ್ಮ ಪಂಚಾಂಗದ ಮಾತು ಒಂದು ರಷ್ಯನ್ ಚಿತ್ರದ ಮೇಲೆ ಸಿಕ್ಕಿತು ಅಂತ ಖುಷಿಯೂ ಆಯಿತು.

ರಷ್ಯನ್ ಚಿತ್ರ ಅಂದೆ. ಈಗ ಹಾಗೆ ಅನ್ನೋ ಹಾಗಿಲ್ಲ. ಮಾಲೆವಿಚ್ ಹುಟ್ಟಿದ್ದು ಕೀವ್‌ನಲ್ಲಿ. ಅಪ್ಪ ಅಮ್ಮ ಪೋಲಿಷ್ ಮೂಲದವರು. ಆಗ ಅದೆಲ್ಲ ರಷ್ಯನ್ ಸಾಮ್ರಾಜ್ಯ. 2023ರಲ್ಲಿ ಸ್ಟೇಡೆಲಿಕ್ ಅವನನ್ನು ಉಕ್ರೇನಿನ ಕಲಾವಿದ ಅಂತ ಕರೆಯೋಕೆ ಶುರುಮಾಡಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಉಕ್ರೇನಿನಲ್ಲಿ ಹುಟ್ಟಿದ ಚಿತ್ರಕಾರರಾದ ರೇಪಿನ್, ಕುಇಂಜಿ ಇವರ ಚೀಟಿಗಳನ್ನೂ ಹೀಗೇ ಬದಲಿಸಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಡೇಗಾ ಬರೆದ 'ರಷ್ಯನ್ ನರ್ತಕಿಯರು' 'ಉಕ್ರೇನಿಯನ್ ನರ್ತಕಿಯರು' ಆದರು. ಅವರ ಜಡೆಯ ರಿಬ್ಬನ್ ಬಣ್ಣ ನೀಲಿ, ಹಳದಿ, ಉಕ್ರೇನ್ ಬಾವುಟದ್ದೇ.

ನನ್ನ ಸಹೋದ್ಯೋಗಿಯೊಬ್ಬ ಇದನ್ನೆಲ್ಲ ನಾಟಕ ಅಂದ. ನನಗೆ ಹಾಗನ್ನಿಸಲಿಲ್ಲ. ಅಜ್ಜಿ ಮನೆಯಲ್ಲಿ ಪಾಲಾದಾಗ ಪಾತ್ರೆಗಳೂ ಪಾಲಾದವು. ದೊಡ್ಡಜ್ಜನ ಹೆಸರಿದ್ದ ಹಂಡೆ ಚಿಕ್ಕಜ್ಜನ ಪಾಲಿಗೆ ಬಂತು. ಹಳೇ ಹೆಸರನ್ನು ಅಳಿಸೋಕೆ ಆಗಲ್ಲ, ತಾಮ್ರ ತೂತು ಬೀಳುತ್ತೆ. ಅದರ ಪಕ್ಕದಲ್ಲೇ ಹೊಸ ಹೆಸರು ಹೊಡೆಸಿದರು. ಎರಡೂ ಇವೆ. ಮ್ಯೂಸಿಯಂನವರಿಗೆ ನಾನು ಹೇಳೋದಿದ್ದರೆ ಅದನ್ನೇ ಹೇಳುತ್ತೇನೆ. ಜಾಗ ಇದೆಯಲ್ಲ, ಎಲ್ಲ ಬರೆಯಿರಿ. ಕೀವ್, ಪೋಲಿಷ್, ಮಾಸ್ಕೋ, ಲೆನಿನ್‌ಗ್ರಾಡ್, ಬರ್ಲಿನ್, ಬೀಬರಾಖ್.

ನಾನು ನೋಡಿದ ಮೊಟ್ಟಮೊದಲ ರಷ್ಯನ್ ಚಿತ್ರವೂ ಇಂಥದ್ದೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಚ್ ಗ್ಯಾಲರಿ ಇದೆಯಲ್ಲ, ಅಲ್ಲಿ. ಕಾಲೇಜಿನ ದಿನ. ಬಿಸಿಲಿಗೆ ಒಳಗೆ ನುಗ್ಗಿದ್ದು. ನಿಕೊಲಾಸ್ ರೋರಿಚ್ ಬರೆದ ನೀಲಿ ಹಿಮಾಲಯ ಕಂಡು ಅಲ್ಲೇ ಕೂತುಬಿಟ್ಟೆ. ಅವರು 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ 1947ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ತೀರಿಕೊಂಡವರು. ಮಗ ಸ್ವೆಟೊಸ್ಲಾವ್, ನಟಿ ದೇವಿಕಾ ರಾಣಿ ಕನಕಪುರ ರಸ್ತೆಯ ತಾತಗುಣಿಯಲ್ಲಿ ಇದ್ದದ್ದು ಬೆಂಗಳೂರಿನವರಿಗೆಲ್ಲ ಗೊತ್ತು. ನಮ್ಮ ಕಾನೂನಿನ ಪ್ರಕಾರ ಅಪ್ಪ ರೋರಿಚ್ ಚಿತ್ರಗಳು ದೇಶದ ಕಲಾನಿಧಿ. ರವಿವರ್ಮ, ಠಾಗೋರ್, ಅಮೃತಾ ಶೇರ್‌ಗಿಲ್ ಸಾಲಿನಲ್ಲಿ. ಭಾರತದಲ್ಲಿರುವುದನ್ನು ಹೊರದೇಶಕ್ಕೆ ಮಾರುವ ಹಾಗಿಲ್ಲ. ಆ ಗ್ಯಾಲರಿಯನ್ನು ನಾವ್ಯಾರೂ ವಿದೇಶೀ ಚಿತ್ರಗಳ ಗ್ಯಾಲರಿ ಅಂದುಕೊಂಡೇ ಇರಲಿಲ್ಲ.

ಆಮ್‌ಸ್ಟೆಲ್‌ಹೋಫ್ ಏನಾಯಿತು ಅಂದರೆ, ಚಿತ್ರವಿಲ್ಲದ ಮ್ಯೂಸಿಯಂ ಆಗಿ ನಿಂತಿತು. ಆಗ ನೆರೆಹೊರೆಯವರು ಬಂದರು. ರೈಕ್ಸ್ ಮ್ಯೂಸಿಯಂನವರು ವರ್ಮೀರ್‌ನ 'ಹಾಲು ಸುರಿಯುವವಳು' ಕಳಿಸಿಕೊಟ್ಟರು. ಅವರ ಮನೆಯ ಚಿನ್ನದ ಲೋಟ ಅದು. ಆ ಸಲ ಮಾತ್ರ ನಾನು ತಡ ಮಾಡಲಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಅರ್ಧ ಮೀಟರೂ ಇಲ್ಲದ ಚಿತ್ರ. ಹೆಂಗಸು ಹಾಲನ್ನು ಧಾರೆ ಕಟ್ಟಿ ಸುರಿಯುತ್ತಿದ್ದಾಳೆ. ಕಣ್ಣು ಧಾರೆಯ ಮೇಲೆಯೇ. ಹಿಂದಿನ ಬಿಳಿ ಗೋಡೆಯಲ್ಲಿ ಒಂದು ಮೊಳೆ, ಮೊಳೆಯ ನೆರಳು, ಹಳೇ ಮೊಳೆ ಕಿತ್ತ ತೂತು. ಏನೋ ನೇತು ಹಾಕಿದ್ದರು, ಈಗ ಇಲ್ಲ. ರೈಕ್ಸ್‌ನಲ್ಲಿ ಎಷ್ಟೋ ಸಲ ನೋಡಿದ ಚಿತ್ರದಲ್ಲಿ ಆ ತೂತು ನನಗೆ ಕಂಡದ್ದು ಅವತ್ತೇ.

2023ರಲ್ಲಿ ಮ್ಯೂಸಿಯಂ ಹೆಸರೂ ಬದಲಾಯಿತು, ಈಗ 'ಹಾರ್ಟ್ ಮ್ಯೂಸಿಯಂ'. ಲಂಡನ್, ಪ್ಯಾರಿಸ್, ವಾಷಿಂಗ್ಟನ್‌ನಿಂದ ಕಡ ತರುತ್ತಾರೆ. 2024ರಲ್ಲಿ ಪ್ಯಾರಿಸ್ಸಿನ ಪೊಂಪಿದು ಸೆಂಟರ್‌ನಿಂದ ಕಾಂಡಿನ್ಸ್ಕಿ ಬಂದ. ಮಾಸ್ಕೋದಲ್ಲಿ ಹುಟ್ಟಿ, ಜರ್ಮನ್ ಪೌರನಾಗಿ, ಫ್ರೆಂಚ್ ಪೌರನಾಗಿ ಸತ್ತವನು. ಗೆಳತಿಯನ್ನು ಎಳೆದುಕೊಂಡು ಮೊದಲ ವಾರವೇ ಹೋದೆ. 'ಅವತ್ತು ನೋಡಬೇಕಾಗಿದ್ದದ್ದು ಇದೇನಾ?' ಅಂದಳು. ಅದೇ ಗೋಡೆ, ಅದೇ ಕಲಾವಿದ, ಚಿತ್ರ ಬೇರೆ. 'ಅರ್ಧ' ಅಂದೆ.

ಅವತ್ತು ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಇದನ್ನೆಲ್ಲ ಹೇಳುತ್ತಿದ್ದೆ. ಅಮ್ಮ ಮಧ್ಯದಲ್ಲೇ ತಡೆದು, 'ನಮ್ಮ ಅಟ್ಟದ ಮೇಲೆ ಒಂದು ಕೊಳಗ ಇದೆಯಲ್ಲೇ, ಸೀ. ರಾ. ಅಂತ ಹೆಸರು ಹೊಡೆಸಿರೋದು, ಅದು ಯಾರದು ಗೊತ್ತಾ?' ಅಂತ ಕೇಳಿದರು. ನನಗೆಲ್ಲಿ ಗೊತ್ತು. ಅಜ್ಜಿಗೂ ಗೊತ್ತಿರಲಿಲ್ಲವಂತೆ. ಯಾವುದೋ ಮದುವೆಯಲ್ಲಿ ಬಂದು ಉಳಿದದ್ದು. ನಮ್ಮ ನೆಂಟರಲ್ಲಿ, ಊರಲ್ಲಿ, ಆ ಅಕ್ಷರದವರು ಯಾರೂ ಇಲ್ಲ. ಮಾರೋಕೆ ಮನಸ್ಸಿಲ್ಲ, ಬಳಸೋಕೆ ಮನಸ್ಸಿಲ್ಲ. ಗೌರಿ ಹಬ್ಬಕ್ಕೆ ಮುಂಚೆ ಅಮ್ಮ ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಒರೆಸಿ, ಮತ್ತೆ ಅಟ್ಟಕ್ಕೆ ಇಡುತ್ತಾರೆ. ಹೆಸರು ಹೊರಗೆ ಕಾಣುವ ಹಾಗೆ.